ಓದುಗರ ಪ್ರಶ್ನೆ: ಡ್ರೋನ್ ಎಷ್ಟು ದೂರ ಬಿಟ್ರೆ ಸೇಫು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗ ಕ್ಯಾಮೆರಾ ಡ್ರೋನ್ ಬಗ್ಗೆನೇ ಇವೆ, ಅದ್ರಲ್ಲೂ ಎಲ್ಲರೂ ಸುತ್ತಿ ಬಳಸಿ ಕೇಳಿರೋದು ದೂರದ ವಿಷಯ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಇದನ್ನೇ ಪೂರ್ತಿ ಮಾತಾಡೋಣ.

ಪ್ರಶ್ನೆ: ಸರ್, ಹೋದ ತಿಂಗಳು 249 ಗ್ರಾಂ ತೂಕದ ಸಣ್ಣ ಡ್ರೋನ್ ತಗೊಂಡೆ. ಡಬ್ಬದ ಮೇಲೆ 10 ಕಿಲೋಮೀಟರ್ ರೇಂಜ್ ಅಂತ ದೊಡ್ಡದಾಗಿ ಹಾಕಿದ್ದಾರೆ. ಫ್ರೆಂಡ್ಸ್ ಎಲ್ಲಾ ಎರಡು ಕಿಲೋಮೀಟರ್ ಬಿಡು, ಏನೂ ಆಗಲ್ಲ ಅಂತಾರೆ. ನಂಗೆ 200 ಮೀಟರ್ ದಾಟಿದ್ರೆ ಸಾಕು, ಎದೆ ಡವಡವ ಅನ್ನತ್ತೆ. ನಿಜವಾಗ್ಲೂ ಎಷ್ಟು ದೂರ ಬಿಡಬಹುದು?

ಉತ್ತರ: ಎದೆ ಡವಡವ ಅಂತಿದೆಯಲ್ಲ, ಅದರ ಮಾತು ಕೇಳಿ, ಫ್ರೆಂಡ್ಸ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಡಬ್ಬದ ಮೇಲಿರೋ 10 ಕಿಲೋಮೀಟರ್ ಅನ್ನೋದು ರಿಮೋಟಿನ ರೇಡಿಯೋ ಸಿಗ್ನಲ್ ಎಲ್ಲಿವರೆಗೆ ಮುಟ್ಟತ್ತೆ ಅನ್ನೋ ಲೆಕ್ಕ. ಅದನ್ನ ಅಳೆದಿದ್ದು ಎಲ್ಲಿ? ಮಧ್ಯದಲ್ಲಿ ಒಂದು ಮರ ಇಲ್ಲದ, ಸುತ್ತಮುತ್ತ ಒಂದು ವೈಫೈ ಇಲ್ಲದ ಬಯಲಲ್ಲಿ. ಸ್ಪೆಸಿಫಿಕೇಶನ್ ಕೆಳಗೆ ಸಣ್ಣಕ್ಷರದಲ್ಲಿ ಇರೋದನ್ನ ಒಂದ್ಸಲ ಓದಿ ನೋಡಿ, ಇದು ಬರೀ ಹೋಗೋ ದೂರ, ವಾಪಸ್ ಬರೋದು ಸೇರಿಲ್ಲ ಅಂತ ಎಷ್ಟೋ ಕಡೆ ಕಂಪನಿಯವರೇ ಬರೆದಿರ್ತಾರೆ. ವಾಪಸ್ ಬರೋಕಾಗದೇ ಇರೋ ದೂರ ತಗೊಂಡು ನಾವೇನ್ ಮಾಡೋಣ ಹೇಳಿ.

ನಾನು ಲೆಕ್ಕ ಹಾಕೋದು ಹೀಗೆ. ಕಣ್ಣಿಗೆ ಎಷ್ಟು ದೂರದವರೆಗೆ ಸರಿಯಾಗಿ ಕಾಣತ್ತೆ, ಎದುರುಗಾಳಿ ಇದ್ರೂ ಎಷ್ಟು ದೂರದಿಂದ ವಾಪಸ್ ಬರೋ ತಾಕತ್ತಿದೆ, ಸಿಗ್ನಲ್ ಎಷ್ಟು ದೂರ ಗಟ್ಟಿಯಾಗಿ ನಿಲ್ಲತ್ತೆ, ಈ ಮೂರರಲ್ಲಿ ಯಾವುದು ಎಲ್ಲಕ್ಕಿಂತ ಕಮ್ಮಿಯೋ ಅದೇ ಆವತ್ತಿನ ದೂರ. ಆವತ್ತಿನ ದೂರ ಅಂತ ಬೇಕಂತಲೇ ಹೇಳಿದೆ, ಯಾಕಂದ್ರೆ ನಿನ್ನೆ ಹೋಗಿ ಬಂದ ದೂರಕ್ಕೆ ಇವತ್ತೂ ಹೋಗಿ ಬರತ್ತೆ ಅಂತ ಏನಿಲ್ಲ.

ಮೊದಲು ಸೋಲೋದು ಯಾವಾಗ್ಲೂ ಕಣ್ಣೇ. ಕೈ ಬಿಚ್ಚಿದ ಸಣ್ಣ ಡ್ರೋನ್ ಒಂದು 25 ಸೆಂಟಿಮೀಟರ್ ಅಗಲ ಅಂತ ಇಟ್ಕೊಳ್ಳಿ. ಅದು 500 ಮೀಟರ್ ಆಚೆ ಎಷ್ಟು ಕಾಣತ್ತೆ ಅಂದ್ರೆ, ಒಂದೂವರೆ ಮಿಲಿಮೀಟರಿನ ಸಾಸಿವೆ ಕಾಳನ್ನ ಮೂರು ಮೀಟರ್ ದೂರದಲ್ಲಿಟ್ಟು ನೋಡಿದಷ್ಟು. ಸುಮ್ನೆ ಓದಿ ಬಿಡ್ಬೇಡಿ, ಮನೇಲಿ ಒಂದು ಕಾಳನ್ನ ಬಿಳಿ ಹಾಳೆಗೆ ಅಂಟಿಸಿ ಮೂರು ಮೀಟರ್ ಹಿಂದೆ ನಿಂತು ನೋಡಿ. ಚುಕ್ಕೆ ಕಾಣತ್ತೆ. ಆದ್ರೆ ಅದರ ಮೂತಿ ಯಾವ ಕಡೆ ಇದೆ, ನಿಮ್ಮ ಕಡೆ ಬರ್ತಿದೆಯೋ ನಿಮ್ಮಿಂದ ದೂರ ಹೋಗ್ತಿದೆಯೋ ಅಂತ ಹೇಳಕ್ಕಾಗತ್ತಾ? ಈಗ ಅದೇ ಕಾಳು ಮೋಡದ ಮುಂದೆಯೋ ಮರಗಳ ಮುಂದೆಯೋ ಓಡಾಡ್ತಿದೆ ಅಂದ್ಕೊಳ್ಳಿ. ಒಳ್ಳೆ ದೃಷ್ಟಿ ಇರೋರ ಕಣ್ಣಿಗೂ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಸಣ್ಣ ವಿವರ ಬಿಡಿಸಿ ಕಾಣಲ್ಲ, ಆ ಲೆಕ್ಕದಲ್ಲಿ 25 ಸೆಂಟಿಮೀಟರಿನ ಡ್ರೋನು 860 ಮೀಟರ್ ಹತ್ರ ಹತ್ರ ಬರೀ ಚುಕ್ಕೆ, ಅದೂ ಬೆಳಕು ಚೆನ್ನಾಗಿದ್ರೆ. ನನ್ನ ಅನುಭವದಲ್ಲಿ 150ರಿಂದ 200 ಮೀಟರ್ ಆದ್ಮೇಲೆ ದಿಕ್ಕು ಗೊತ್ತಾಗಲ್ಲ, 300 ದಾಟಿದ್ರೆ ಒಂದು ಕ್ಷಣ ಸ್ಕ್ರೀನ್ ನೋಡಿ ತಲೆ ಎತ್ತಿದಾಗ ಎಲ್ಲಿದೆ ಅಂತ ಹುಡುಕ್ಬೇಕಾಗತ್ತೆ.

ಸ್ಕ್ರೀನಲ್ಲಿ ಎಲ್ಲಾ ಕಾಣತ್ತಲ್ಲ ಅಂತ ನೀವು ಕೇಳಬಹುದು. ಸ್ಕ್ರೀನಲ್ಲಿ ಕಾಣೋದು ಕ್ಯಾಮೆರಾ ನೋಡ್ತಿರೋ ಕಡೆ ಮಾತ್ರ, ಸಾಮಾನ್ಯವಾಗಿ 80 ಡಿಗ್ರಿ ಆಸುಪಾಸು. ಪಕ್ಕದಿಂದ ಬರ್ತಿರೋ ಹದ್ದು, ಹಿಂದೆ ಇರೋ ಕರೆಂಟ್ ವೈರು, ಮೇಲಿಂದ ಇಳೀತಿರೋ ಹೆಲಿಕಾಪ್ಟರು ಯಾವುದೂ ಅದರಲ್ಲಿ ಬರಲ್ಲ. ತಲೆ ಎತ್ತಿ ನೋಡೋರಿಗೆ ಇವೆಲ್ಲ ಕಾಣತ್ತೆ, ಹೆಲಿಕಾಪ್ಟರ್ ಅಂತೂ ಕಾಣೋಕೆ ಮುಂಚೆನೇ ಕಿವಿಗೆ ಬೀಳತ್ತೆ, ಅದು ಕೇಳಿಸಿದ ತಕ್ಷಣ ಬೇರೆ ಯೋಚನೆ ಮಾಡ್ದೆ ಡ್ರೋನ್ ಕೆಳಗಿಳಿಸಿ. ಬಹಳಷ್ಟು ದೇಶಗಳ ಕಾನೂನು ಡ್ರೋನ್ ಕಣ್ಣಳತೆಯಲ್ಲೇ ಇರಬೇಕು ಅಂತ ಹೇಳೋದು ಇದಕ್ಕೇ. ಹೆಚ್ಚಿನ ಕಡೆ ಇಷ್ಟು ಮೀಟರ್ ಅಂತ ಹೇಳಲ್ಲ, ಕಾಣ್ತಿರಬೇಕು ಅಂತಾರೆ. ಕನ್ನಡಕ ಸರಿ, ಬೈನಾಕ್ಯುಲರ್ ಹಾಕ್ಕೊಂಡು ಕಾಣ್ತಿದೆ ಅಂದ್ರೆ ಲೆಕ್ಕಕ್ಕಿಲ್ಲ.

ಇನ್ನು ಗಾಳಿ. ಜನ ಡ್ರೋನ್ ಕಳ್ಕೊಳ್ಳೋದರಲ್ಲಿ ಇದರದ್ದು ದೊಡ್ಡ ಪಾಲು, ಆದ್ರೆ ಯಾರೂ ಇದನ್ನ ಲೆಕ್ಕಕ್ಕೇ ತಗೊಳಲ್ಲ. ನಿಮ್ಮ ಡ್ರೋನ್ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗ್ತಿದೆ ಅನ್ಕೊಳ್ಳಿ. ಗಾಳಿ ಇಲ್ಲ ಅಂದ್ರೆ ಒಂದು ಕಿಲೋಮೀಟರ್ ಹೋಗೋಕೆ 100 ಸೆಕೆಂಡು, ಬರೋಕೆ 100 ಸೆಕೆಂಡು. ಈಗ ಸೆಕೆಂಡಿಗೆ 6 ಮೀಟರ್ ಗಾಳಿ ಬೆನ್ನಿಗೆ ಬೀಸ್ತಿದೆ. ಹೋಗುವಾಗ ವೇಗ 16, ಒಂದು ನಿಮಿಷ ಚಿಲ್ಲರೆಗೆ ಒಂದು ಕಿಲೋಮೀಟರ್ ಮುಗೀತು, ಬ್ಯಾಟರಿ ಕರಗಿದ್ದೇ ಗೊತ್ತಾಗಲ್ಲ, ಖುಷಿಯೋ ಖುಷಿ. ವಾಪಸ್ ಬರುವಾಗ ವೇಗ ಬರೀ 4, ಅಂದ್ರೆ 250 ಸೆಕೆಂಡು, ನಾಲ್ಕು ನಿಮಿಷದ ಮೇಲೆ. ಗಾಳಿ 9 ಆಗಿಬಿಟ್ರೆ ವಾಪಸ್ ಬರೋ ವೇಗ ಸೆಕೆಂಡಿಗೆ ಒಂದೇ ಮೀಟರ್, ಅದೇ ಒಂದು ಕಿಲೋಮೀಟರಿಗೆ ಹದಿನಾರು ನಿಮಿಷದ ಮೇಲೆ ಬೇಕು. ನೆಲದ ಮೇಲೆ ನಿಂತಿರೋ ನಿಮಗೆ ಎಲೆ ಅಲ್ಲಾಡೋದೂ ಕಾಣಲ್ಲ, ನೂರು ಮೀಟರ್ ಮೇಲೆ ಗಾಳಿ ಯಾವಾಗ್ಲೂ ಅಂತಲ್ಲ, ಹೆಚ್ಚಿನ ಸಲ ಕೆಳಗಿಗಿಂತ ಜೋರಾಗೇ ಇರತ್ತೆ.

ನಾನು ಇದನ್ನ ಕಲಿತಿದ್ದು ಒಂದು ಸಂಜೆ. ಬೆಟ್ಟದ ಸಾಲಿನ ಕಡೆ 700 ಮೀಟರ್ ಹೋಗಿತ್ತು, ಹೋಗುವಾಗ ಒಂದು ತೊಂದರೆ ಇರ್ಲಿಲ್ಲ, ಬ್ಯಾಟರಿ 62 ಇತ್ತು, ಆರಾಮಾಗಿ ತಿರುಗಿಸಿದೆ. ಸ್ಕ್ರೀನಿನ ಮೂಲೇಲಿ ದೂರ ತೋರಿಸೋ ಅಂಕಿ 700, 698, 697 ಅಂತ ಇಳೀತಿದೆ, ಪಕ್ಕದಲ್ಲಿ ಬ್ಯಾಟರಿ ಅದಕ್ಕಿಂತ ಬೇಗ ಇಳೀತಿದೆ. ರಿಮೋಟಿನ ಸ್ಟಿಕ್ ಪೂರ್ತಿ ಮುಂದಕ್ಕೆ ಒತ್ತಿ ಹಿಡಿದಿದ್ದ ಹೆಬ್ಬೆರಳು ಬೆವತು ಜಾರೋಕೆ ಶುರುವಾಯ್ತು. ಆಮೇಲೆ ಎತ್ತರವನ್ನ 90ರಿಂದ 30 ಮೀಟರಿಗೆ ಇಳಿಸಿದೆ, ಜೋರಾಗಿ ಹೋಗೋ ಸ್ಪೋರ್ಟ್ ಮೋಡಿಗೆ ಹಾಕ್ದೆ, ಆಗ ಅಂಕಿ ಓಡೋಕೆ ಶುರುವಾಯ್ತು. ಇಳಿದಾಗ 11 ಪರ್ಸೆಂಟ್ ಉಳಿದಿತ್ತು. ಆವತ್ತಿಂದ ನಾನು ಮೊದಲು ಗಾಳಿ ಬರೋ ದಿಕ್ಕಿಗೆ ಎದುರಾಗೇ ಹೋಗೋದು, ಬರುವಾಗ ಅದೇ ಗಾಳಿ ತಳ್ಕೊಂಡು ಬರ್ಲಿ ಅಂತ. ಆಮೇಲೆ ಟೇಕಾಫ್ ಆಗಿ ಮೇಲೆ ಹೋದ ತಕ್ಷಣ ಸ್ಟಿಕ್ ಬಿಟ್ಟು ಅರ್ಧ ನಿಮಿಷ ನಿಲ್ಲಿಸ್ತೀನಿ, ಆ ಕಡೆ ಈ ಕಡೆ ವಾಲಿ ನಿಂತಿದ್ರೆ ಅದು ಗಾಳಿ ಜೊತೆ ಗುದ್ದಾಡ್ತಿದೆ ಅಂತ ಅರ್ಥ. ನಿಮ್ಮದು 249 ಗ್ರಾಂ, ಹಗುರ ಇರೋದ್ರಿಂದ ಇದನ್ನ ಇನ್ನೂ ಜಾಸ್ತಿ ನೋಡ್ಕೋಬೇಕು.

ನಂಬರ್ ಹೇಳಿ ಅಂದ್ರೆ, ಹೊಸಬರಿಗೆ ಮೊದಲ ಕೆಲವು ದಿನ 50 ಮೀಟರ್ ಒಳಗೆ, ಕೈ ಕುದುರಿದ್ಮೇಲೆ 150, ತೆರೆದ ಬಯಲು ಒಳ್ಳೆ ಬೆಳಕು ಗಾಳಿ ಕಮ್ಮಿ ಇದ್ರೆ 300. ಅದಕ್ಕಿಂತ ಮುಂದೆ ಸಣ್ಣ ಡ್ರೋನನ್ನ ನಾನಂತೂ ಕಳಿಸಲ್ಲ. ಎತ್ತರಕ್ಕೆ ಬಹಳ ಕಡೆ 120 ಮೀಟರ್, ಅಂದ್ರೆ 400 ಅಡಿ ಮಿತಿ ಇದೆ, ಜೊತೆಗೆ ನೀವಿರೋ ಜಾಗಕ್ಕೆ ಬೇರೆ ನಿರ್ಬಂಧ ಇದೆಯಾ ಅಂತ ಹಾರಿಸೋ ಮುಂಚೆ ನೋಡ್ಕೊಳ್ಳಲೇಬೇಕು. ಬ್ಯಾಟರಿ 60 ಪರ್ಸೆಂಟಿಗೆ ಬಂದಾಗ ಮೂತಿ ಮನೆ ಕಡೆ ತಿರುಗಿರಲಿ, 30ಕ್ಕೆ ನೆಲದ ಮೇಲಿರಲಿ.

ಪ್ರಶ್ನೆ: 400 ಮೀಟರ್ ದೂರದಲ್ಲಿ ಮರಗಳ ಸಾಲಿನ ಹಿಂದೆ ಇಳಿಸಿದಾಗ ಸ್ಕ್ರೀನ್ ಗಕ್ಕನೆ ನಿಂತೋಯ್ತು. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಯ್ತು ಅನ್ನಿ, ಆದ್ರೆ ಜೀವ ಬಾಯಿಗೆ ಬಂದಿತ್ತು. ಕಿಲೋಮೀಟರ್ ಗಟ್ಟಲೆ ರೇಂಜ್ ಇದ್ದೂ ಹೀಗ್ಯಾಕೆ? ಅಂಥ ಟೈಮಲ್ಲಿ ಏನ್ ಮಾಡ್ಬೇಕು?

ಉತ್ತರ: ಅಡ್ಡ ಬಂದಿದ್ದು ಮರ. ಈ ರಿಮೋಟುಗಳು ಕೆಲಸ ಮಾಡೋದು 2.4 ಅಥವಾ 5.8 ಗಿಗಾಹರ್ಟ್ಸಲ್ಲಿ, ನಮ್ಮ ವೈಫೈ ಓಡೋ ಜಾಗದಲ್ಲೇ. ಈ ಅಲೆಗಳು ಹಸಿ ಎಲೆ ಒಳಗಿನ ನೀರಲ್ಲಿ ಚೆನ್ನಾಗಿ ಹೀರ್ಕೊಂಡು ಹೋಗ್ತವೆ, ಕಾಂಕ್ರೀಟ್ ಗೋಡೆ ಬಂದ್ರಂತೂ ಕೇಳೋದೇ ಬೇಡ, ಅದ್ರಲ್ಲೂ 5.8 ಅನ್ನೋದು 2.4ಕ್ಕಿಂತ ಬೇಗ ಸೋಲತ್ತೆ. ಇನ್ನೊಂದು, ದೂರ ಎರಡು ಪಟ್ಟಾದ್ರೆ ಸಿಗ್ನಲ್ ಶಕ್ತಿ ಅರ್ಧ ಆಗಲ್ಲ, ಕಾಲು ಭಾಗಕ್ಕೆ ಇಳಿಯತ್ತೆ. ಹಾಗಾಗಿ 100 ಮೀಟರಲ್ಲಿ ಮರದ ಹಿಂದೆ ಹೋದ್ರೂ ಏನೂ ಆಗದೇ ಇದ್ದಿದ್ದು 400ರಲ್ಲಿ ಕೈ ಕೊಡತ್ತೆ, ಅಲ್ಲಿ ಶಕ್ತಿ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿದಿರತ್ತೆ.

ನಿಮಗೂ ಡ್ರೋನಿಗೂ ಮಧ್ಯೆ ದಾರ ಕಟ್ಟಿದ ಹಾಗೆ ನೇರ ಗೆರೆ ಖಾಲಿ ಇದ್ರೆ ಸಾಕು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಷ್ಟು ಸಾಲಲ್ಲ. ರೇಡಿಯೋ ಅಲೆಗೆ ಆ ಗೆರೆಯ ಸುತ್ತ ಸೌತೆಕಾಯಿ ಆಕಾರದಲ್ಲಿ ಒಂದಷ್ಟು ಜಾಗ ಬೇಕು, ನಡುವಲ್ಲಿ ದಪ್ಪ ಎರಡು ತುದೀಲಿ ಸಣ್ಣ. 2.4 ಗಿಗಾಹರ್ಟ್ಸಲ್ಲಿ ಒಂದು ಕಿಲೋಮೀಟರ್ ದೂರಕ್ಕೆ ಸರಿಯಾಗಿ ನಡುವಿನಲ್ಲಿ ಗೆರೆಯಿಂದ ಸುತ್ತಲೂ ಐದೂವರೆ ಮೀಟರ್. ಅದರೊಳಗೆ ಮರದ ತುದಿ, ಛಾವಣಿ, ನೆಲ ನುಗ್ಗಿದ್ರೆ ಡ್ರೋನ್ ಕಣ್ಣಿಗೆ ಕಾಣ್ತಿದ್ರೂ ಸಿಗ್ನಲ್ ಕುಗ್ಗತ್ತೆ. ದೂರದಲ್ಲಿ ತೀರಾ ಕೆಳಗೆ ಹಾರಿಸ್ಬಾರದು ಅನ್ನೋದು ಇದಕ್ಕೆ.

ಆಂಟೆನಾ ವಿಷಯದಲ್ಲಿ ಹತ್ತರಲ್ಲಿ ಎಂಟು ಜನ ತಪ್ಪು ಮಾಡ್ತಿರೋದನ್ನ ನಾನೇ ನೋಡಿದೀನಿ. ಟಾರ್ಚ್ ಬಿಟ್ಟ ಹಾಗೆ ಆಂಟೆನಾ ತುದಿಯನ್ನ ಡ್ರೋನ್ ಕಡೆ ತೋರಿಸ್ತಾರೆ. ಕಡ್ಡಿಯ ತುದಿಯಿಂದ ಸಿಗ್ನಲ್ ಹೊರಡೋದು ಅತಿ ಕಮ್ಮಿ, ಹೆಚ್ಚು ಹೊರಡೋದು ಅದರ ಪಕ್ಕದಿಂದ. ಚಪ್ಪಟೆ ಭಾಗ ಡ್ರೋನ್ ಕಡೆ ಇರಬೇಕು. ನೀವೂ ಡ್ರೋನ್ ಕಡೆ ಮುಖ ಮಾಡಿ ನಿಲ್ಲಿ, ನಮ್ಮ ಮೈ ಕೂಡ ಸಿಗ್ನಲ್ಲಿಗೆ ಅಡ್ಡನೇ. ಕಾರೊಳಗೆ ಕೂತು ಹಾರಿಸೋದು ಬೇಡವೇ ಬೇಡ.

ಸ್ಕ್ರೀನ್ ನಿಂತಾಗ ಮೊದಲನೇ ಕೆಲಸ ಎರಡೂ ಸ್ಟಿಕ್ ಬಿಡೋದು, ಡ್ರೋನ್ ಇದ್ದಲ್ಲೇ ನಿಲ್ಲತ್ತೆ. ಸಾಮಾನ್ಯವಾಗಿ ವಿಡಿಯೋ ಹೋಗೋದು ಮೊದಲು, ಕಂಟ್ರೋಲ್ ಹೋಗೋದು ಆಮೇಲೆ, ಯಾಕಂದ್ರೆ ವಿಡಿಯೋಗೆ ತುಂಬಾ ಡೇಟಾ ಬೇಕು, ಕಂಟ್ರೋಲಿಗೆ ಚೂರೇ ಚೂರು ಸಾಕು. ಹಾಗಾಗಿ ಚಿತ್ರ ನಿಂತಿದ್ರೂ ನಿಮ್ಮ ಮಾತು ಅದಕ್ಕೆ ಕೇಳಿಸ್ತಿರೋ ಸಾಧ್ಯತೆ ಇದೆ. ಆಂಟೆನಾ ಸರಿ ಮಾಡಿ, ಡ್ರೋನ್ ಮೇಲೆ ಏನೂ ಅಡ್ಡ ಇಲ್ಲ ಅಂತ ಗೊತ್ತಿದ್ರೆ ನಿಧಾನಕ್ಕೆ ಎತ್ತರ ಏರಿಸಿ, ಹೆಚ್ಚಿನ ಸಲ ಮರ ದಾಟಿ ಮೇಲೆ ಬಂದ ತಕ್ಷಣ ಚಿತ್ರ ಮರಳತ್ತೆ. ಬರ್ಲಿಲ್ಲ ಅಂದ್ರೆ ರಿಟರ್ನ್ ಟು ಹೋಮ್, ಅಂದ್ರೆ ಹೊರಟ ಜಾಗಕ್ಕೆ ಡ್ರೋನ್ ತಾನೇ ವಾಪಸ್ ಬರೋ ಬಟನ್, ಒತ್ತಿ. ಚಿತ್ರ ಇಲ್ಲದೇ ಕುರುಡಾಗಿ ಆ ಕಡೆ ಈ ಕಡೆ ಸ್ಟಿಕ್ ಎಳೆಯೋದು ಮಾತ್ರ ಮಾಡ್ಬೇಡಿ.

ಪ್ರಶ್ನೆ: ರಿಟರ್ನ್ ಟು ಹೋಮ್ ಇದ್ಯಲ್ಲ, ಸಿಗ್ನಲ್ ಹೋದ್ರೆ ತಾನೇ ಬರತ್ತಲ್ಲ, ಮತ್ಯಾಕೆ ದೂರಕ್ಕೆ ಹೆದರ್ಬೇಕು?

ಉತ್ತರ: ಬರತ್ತೆ, ಆದ್ರೆ ನೀವು ಮುಂಚೇನೇ ಹೇಳಿಕೊಟ್ಟ ಹಾಗೆ ಮಾತ್ರ ಬರತ್ತೆ. ಜಿಪಿಎಸ್ ಸರಿಯಾಗಿ ಸಿಕ್ಕಿ ಹೋಮ್ ಪಾಯಿಂಟ್, ಅಂದ್ರೆ ವಾಪಸ್ ಬರಬೇಕಾದ ಜಾಗ, ರೆಕಾರ್ಡ್ ಆಯ್ತು ಅಂತ ಆ್ಯಪ್ ಹೇಳೋ ಮುಂಚೆ ಟೇಕಾಫ್ ಮಾಡಿದ್ರೆ ಅದಕ್ಕೆ ಮನೆ ಎಲ್ಲಿ ಅಂತಾನೇ ಗೊತ್ತಿರಲ್ಲ. ಆ ಒಂದು ನಿಮಿಷ ಕಾಯಿರಿ.

ಆಮೇಲೆ ವಾಪಸ್ ಬರೋ ಎತ್ತರ. ಡ್ರೋನ್ ಮೊದಲು ನೀವು ಸೆಟ್ ಮಾಡಿರೋ ಎತ್ತರಕ್ಕೆ ಏರಿ, ಅಲ್ಲಿಂದ ಬಾಣದ ಹಾಗೆ ನೇರವಾಗಿ ಬರತ್ತೆ. ಸುತ್ತ 40 ಮೀಟರಿನ ಕಟ್ಟಡ ಇದ್ದು ನೀವು 30 ಅಂತ ಬಿಟ್ಟಿದ್ರೆ ಮುಗೀತು. ಅಡ್ಡ ಬಂದಿದ್ದನ್ನ ಗುರುತಿಸೋ ಸೆನ್ಸರ್ ಇದೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ, ಸಣ್ಣ ವೈರು, ಎಲೆ ಉದುರಿದ ಕೊಂಬೆ, ಗಾಜು ಅದಕ್ಕೆ ಕಾಣದೇ ಹೋಗಬಹುದು, ಕತ್ತಲಲ್ಲಿ ಬಹುಪಾಲು ಸೆನ್ಸರ್ ಕುರುಡು. ಅದೇ ಡ್ರೋನ್ ಸೇತುವೆ ಕೆಳಗೋ ದೊಡ್ಡ ಮರದ ಕೆಳಗೋ ಇದ್ದಾಗ ಸಿಗ್ನಲ್ ಹೋದ್ರೆ ಏರೋಕೆ ಹೋಗಿ ತಲೆ ಗುದ್ಕೊಳ್ಳತ್ತೆ. ಅಂಥ ಕಡೆ ಸಿಗ್ನಲ್ ಹೋದ್ರೆ ಏನ್ ಮಾಡ್ಬೇಕು ಅನ್ನೋ ಸೆಟ್ಟಿಂಗನ್ನ ಇದ್ದಲ್ಲೇ ನಿಲ್ಲು ಅಂತ ಬದಲಾಯಿಸಿ, ಕೆಲಸ ಮುಗಿದ ಮೇಲೆ ಮರೀದೆ ವಾಪಸ್ ಹಾಕಿ.

ಬ್ಯಾಟರಿ ತೀರಾ ಕೆಳಗೆ ಹೋದ್ರೆ ಅದು ಮನೆಗೆ ಬರೋ ಯೋಚನೆ ಬಿಟ್ಟು ಇದ್ದಲ್ಲೇ ಇಳಿಯೋಕೆ ಶುರು ಮಾಡತ್ತೆ, ಕೆಳಗೆ ಕೆರೆ ಇದ್ರೆ ಕೆರೆಗೆ. ಎದುರುಗಾಳಿ ಜೋರಿದ್ರೆ ರಿಟರ್ನ್ ಟು ಹೋಮ್ ಒತ್ತಿದ್ರೂ ಗಾಳಿ ಮೇಲೆ ಗೆಲ್ಲೋಕಾಗದೇ ಅಲ್ಲೇ ಒದ್ದಾಡ್ತಾ ಬ್ಯಾಟರಿ ಖಾಲಿ ಮಾಡ್ಕೊಳ್ಳೋದುಂಟು. ಚಳಿ ಇದ್ದಾಗ ಬ್ಯಾಟರಿ ಒಳಗಿನ ರಾಸಾಯನಿಕ ಕ್ರಿಯೆ ನಿಧಾನ ಆಗಿ 40 ತೋರಿಸ್ತಿದ್ದಿದ್ದು ಒಂದೇ ಸಲಕ್ಕೆ ಕುಸಿಯಬಹುದು, ಹಾರಿಸೋವರೆಗೂ ಬ್ಯಾಟರಿನ ಜಾಕೆಟ್ ಒಳಗೆ ಬೆಚ್ಚಗೆ ಇಟ್ಕೊಳ್ಳಿ.

ದೋಣಿ ಮೇಲಿಂದ ಹಾರಿಸ್ತೀನಿ ಅಂತ ಇನ್ನೊಬ್ಬರು ಬರೆದಿದ್ದಾರೆ, ಅವರಿಗೂ ಉತ್ತರ ಇಲ್ಲೇ ಇದೆ. ದೋಣಿ ಮುಂದಕ್ಕೆ ಹೋಗಿರತ್ತೆ, ಹೋಮ್ ಪಾಯಿಂಟ್ ಹಿಂದೆ ನೀರಿನ ಮೇಲೇ ಉಳಿದಿರತ್ತೆ. ಅಪ್‌ಡೇಟ್ ಮಾಡ್ತಾನೇ ಇರಬೇಕು, ಇಲ್ಲಾಂದ್ರೆ ಡ್ರೋನ್ ಹೇಳಿದ ಮಾತು ಕೇಳ್ಕೊಂಡು ಸೀದಾ ಹೋಗಿ ನೀರಿಗೆ ಇಳಿಯತ್ತೆ.

ಪ್ರಶ್ನೆ: ಬೆಟ್ಟದ ಮೇಲೆ ನಿಂತು ಹಾರಿಸಿದಾಗ ಸ್ಕ್ರೀನಲ್ಲಿ 20 ಮೀಟರ್ ಅಂತ ತೋರಿಸ್ತಿತ್ತು, ಕೆಳಗೆ ನೋಡಿದ್ರೆ ಪಾತಾಳ. ಯಾವುದನ್ನ ನಂಬೋದು?

ಉತ್ತರ: ಸ್ಕ್ರೀನಲ್ಲಿರೋದು ಟೇಕಾಫ್ ಆದ ಜಾಗದಿಂದ ಎತ್ತರ, ಗಾಳಿಯ ಒತ್ತಡ ಅಳೆದು ಹೇಳೋದು. ಕೆಳಗೆ ನೆಲ ಎಷ್ಟು ಆಳದಲ್ಲಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ. 100 ಮೀಟರ್ ಬೆಟ್ಟದ ತುದಿಯಿಂದ ಕಣಿವೆ ಮೇಲೆ ಬಿಟ್ರೆ ಸ್ಕ್ರೀನಲ್ಲಿ 20, ನಿಜವಾಗಿ ನೆಲದಿಂದ 120, ಅಂದ್ರೆ ಮಿತಿಗೆ ಮುಟ್ಟಿದ ಹಾಗೆ. ಇದಕ್ಕಿಂತ ಅಪಾಯ ಉಲ್ಟಾ ಆದಾಗ. ತಪ್ಪಲಲ್ಲಿ ನಿಂತು 60 ಮೀಟರ್ ಏರಿಸಿ ಬೆಟ್ಟದ ಕಡೆ ಹೊರಟ್ರೆ ಸ್ಕ್ರೀನಲ್ಲಿ 60 ಹಾಗೇ ಇರತ್ತೆ, ನೆಲ ಮಾತ್ರ ಏರ್ತಾ ಏರ್ತಾ ಡ್ರೋನಿನ ಹೊಟ್ಟೆಗೆ ಬಂದು ತಾಗತ್ತೆ. ಬೆಟ್ಟದ ಆಚೆ ಬದಿಗಂತೂ ದಾಟಿಸ್ಬೇಡಿ, ಸಿಗ್ನಲ್ಲಿಗೆ ಬೆಟ್ಟಕ್ಕಿಂತ ದೊಡ್ಡ ಅಡ್ಡ ಇನ್ನೇನಿದೆ.

ಪ್ರಶ್ನೆ: ಮದುವೆ, ಜಾತ್ರೆಗಳಲ್ಲಿ ಜನರ ತಲೆ ಮೇಲೇ ಹಾರಿಸ್ತಾರೆ. ಜನರಿಂದ ಎಷ್ಟು ದೂರ ಇರಬೇಕು?

ಉತ್ತರ: ತಲೆ ಮೇಲೆ ಬೇಡ. ಯೂರೋಪಿನ ಮಾರ್ಗಸೂಚಿಯಲ್ಲಿ ಒಂದಕ್ಕೆ ಒಂದು ಅನ್ನೋ ಸರಳ ಲೆಕ್ಕ ಇದೆ, ಡ್ರೋನ್ ಎಷ್ಟು ಎತ್ತರ ಇದೆಯೋ ಜನರಿಂದ ಪಕ್ಕಕ್ಕೆ ಕನಿಷ್ಠ ಅಷ್ಟೇ ದೂರ. ಯಾಕೆ ಅಂತ ನೋಡಿ: 60 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗ್ತಿರೋ ಡ್ರೋನಿನ ಒಂದು ಪ್ರೊಪೆಲ್ಲರ್ ಮುರೀತು ಅಂದ್ರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದ್ರೆ ನೆಲ ಮುಟ್ಟೋಕೆ ಮೂರೂವರೆ ಸೆಕೆಂಡು, ಅಷ್ಟರಲ್ಲಿ ಅದು 35 ಮೀಟರ್ ಮುಂದೆ ಹೋಗಿರತ್ತೆ. ಗಾಳಿ ಇದ್ರೆ ಇನ್ನೂ ಆಚೆ. ನೇರ ಕೆಳಗೆ ಯಾರೂ ಇಲ್ಲ ಅಂತ ನೋಡಿದ್ರೆ ಸಾಲದು.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ. ಡ್ರೋನ್ ಬೇಕು ಅಂತ ಒಂದೇ ಹಠ, ಕೊಡಿಸಿದೀವಿ. ನಂಗೆ ಇದರ ಗಂಧಗಾಳಿ ಇಲ್ಲ. ಎಲ್ಲಿಂದ ಶುರು ಮಾಡಿಸ್ಲಿ?

ಉತ್ತರ: ಮೇಡಂ, ನೀವೇ ಅವಳ ಎರಡನೇ ಜೋಡಿ ಕಣ್ಣಾಗಿ, ಅದಕ್ಕೆ ಡ್ರೋನ್ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ಅವಳು ಸ್ಕ್ರೀನ್ ನೋಡುವಾಗ ನೀವು ಪಕ್ಕದಲ್ಲೇ ನಿಂತು ಡ್ರೋನಿಂದ ಕಣ್ಣು ತೆಗೀದೆ ನೋಡ್ತಾ, ಮರ ಹತ್ರ ಬಂತು, ಹಕ್ಕಿ ಬರ್ತಿದೆ, ಅಲ್ಲಿ ಯಾರೋ ನಡ್ಕೊಂಡು ಬರ್ತಿದಾರೆ ಅಂತ ಹೇಳ್ತಾ ಇರಿ. ನೀವು ನಿಲ್ಲಿಸು ಅಂದ್ರೆ ಅವಳು ಪ್ರಶ್ನೆ ಕೇಳದೇ ಸ್ಟಿಕ್ ಬಿಡಬೇಕು, ಇದನ್ನ ಹಾರಿಸೋ ಮುಂಚೇನೇ ಮಾತಾಡ್ಕೊಳ್ಳಿ. ಎಷ್ಟು ವಯಸ್ಸಿಗೆ ಒಬ್ಬರೇ ಹಾರಿಸಬಹುದು ಅನ್ನೋದು ದೇಶದಿಂದ ದೇಶಕ್ಕೆ ಬೇರೆ ಇರೋದ್ರಿಂದ ಅದನ್ನೂ ಒಂದ್ಸಲ ನೋಡ್ಕೊಳ್ಳಿ.

ಆ್ಯಪಿನ ಸೆಟ್ಟಿಂಗಲ್ಲಿ ಗರಿಷ್ಠ ದೂರ, ಗರಿಷ್ಠ ಎತ್ತರ ಅಂತ ಎರಡು ಆಯ್ಕೆ ಇರತ್ತೆ. ದೂರ 50, ಎತ್ತರ 30 ಅಂತ ಹಾಕಿ ಕೊಡಿ, ಅದನ್ನ ದಾಟಿ ಡ್ರೋನ್ ಹೋಗಲ್ಲ. ಪ್ರೊಪೆಲ್ಲರಿನ ಅಂಚಿಗೆ ಉಗುರು ಸವರಿ ಬಿರುಕಿದ್ಯಾ ಅಂತ ಪ್ರತಿ ಸಲ ನೋಡೋದನ್ನ ಅಭ್ಯಾಸ ಮಾಡಿಸಿ, ಕಣ್ಣಿಗೆ ಕಾಣದ ಬಿರುಕು ಉಗುರಿಗೆ ಸಿಗತ್ತೆ. ಆಮೇಲೆ ಸ್ಕ್ರೀನ್ ನೋಡದೇ, ಡ್ರೋನ್ ಮಾತ್ರ ನೋಡ್ಕೊಂಡು ಹತ್ತು ಮೀಟರಿನ ಒಂದು ಚೌಕ ಹಾರಿಸ್ಲಿ. ಮೂತಿ ಆಚೆ ಕಡೆ ಇದ್ದಾಗ ಸುಲಭ. ಮೂತಿ ತನ್ನ ಕಡೆ ತಿರುಗಿದಾಗ ಸ್ಟಿಕ್ ಬಲಕ್ಕೆ ತಳ್ಳಿದ್ರೆ ಡ್ರೋನ್ ಎಡಕ್ಕೆ ಹೋಗತ್ತೆ, ಆಗ ಕೈ ಗೊಂದಲ ಆಗತ್ತೆ, ಎಲ್ಲರಿಗೂ ಆಗತ್ತೆ. ಮೂತಿ ತನ್ನ ಕಡೆ ಇಟ್ಕೊಂಡೇ ಚೌಕದ ನಾಲ್ಕೂ ಮೂಲೆ ತಪ್ಪದೇ ಮುಟ್ಟಿಸಿ ತಂದು ಕಾಲ ಬಳಿ ಇಳಿಸಿದ ದಿನ ಆ 50ನ್ನ 100 ಮಾಡಿ ಕೊಡಿ.